ವಿಜಯಪುರದ ಬಿಸಿಲಲ್ಲಿ ಮನೆಯ ವೈನ್ ಕೋಣೆ: ರ್ಯಾಕ್ ಆರಿಸೋದು, ಮಾಡಿಸೋದು, ಕೂರಿಸೋದು

ರ್ಯಾಕ್ ವೈನನ್ನು ತಂಪಾಗಿಡುವುದಿಲ್ಲ. ಬಾಟಲಿಯನ್ನು ಅಲುಗದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಯುರೋಪಿನ ನೆಲಮಾಳಿಗೆಯ ಫೋಟೊ ನೋಡಿ ಅಂಥದ್ದೇ ಮರದ ರ್ಯಾಕ್ ತರಿಸಿ, ಜಲನಗರದ ಮನೆಯೊಂದರ ಪಶ್ಚಿಮದ ಗೋಡೆಗೆ ನಿಲ್ಲಿಸಿದರೆ ಏನಾಗುತ್ತದೆ? ಮೇ ಮುಗಿಯುವಷ್ಟರಲ್ಲಿ ವೈನ್ ಬೆಂದಿರುತ್ತದೆ. ರ್ಯಾಕ್ ಮಾತ್ರ ಚೆಂದ ಕಾಣುತ್ತಿರುತ್ತದೆ.

ಹಾಗಾಗಿ ಈ ಬರಹದಲ್ಲಿ ರ್ಯಾಕಿನ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಮೊದಲು ಬಾಟಲಿಯ ಲೆಕ್ಕ, ಆಮೇಲೆ ಜಾಗ, ಆಮೇಲೆ ಅಳತೆ. ಇವು ಮೂರು ಸರಿಯಾದರೆ ರ್ಯಾಕ್ ಆರಿಸುವುದು ಸುಲಭ. ಅದನ್ನು ಮಾಡಿಕೊಡುವವರೂ ನಮ್ಮ ಊರಲ್ಲೇ ಇದ್ದಾರೆ. ಜಿಲ್ಲೆಯಲ್ಲಿ ಬೆಳೆಯುವ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ, ಅಲ್ವಾ? ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್ಡುಗಳಿಗೆ ಅಂತಸ್ತಿನ ಮೇಲೆ ಅಂತಸ್ತು ರ್ಯಾಕ್ ಕಟ್ಟಿ ಕೈ ಪಳಗಿದ ವೆಲ್ಡಿಂಗ್‌ನವರಿಗೆ ವೈನ್ ರ್ಯಾಕ್ ಏನು ಮಹಾ ಕೆಲಸವಲ್ಲ. ನಾವು ಅಳತೆ ಸರಿಯಾಗಿ ಹೇಳಬೇಕು ಅಷ್ಟೇ.

ಹೆಜ್ಜೆ 1: ಎಷ್ಟು ಬಾಟಲಿ, ಎಂಥ ಬಾಟಲಿ

ಕರ್ನಾಟಕದಲ್ಲಿ ಒಬ್ಬರು ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದು ಎಂಬುದಕ್ಕೆ 1965ರ ಅಬಕಾರಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಮಿತಿ ಇದೆ. ವೈನಿಗೂ ಇದೆ. ನೂರು ಬಾಟಲಿಯ ರ್ಯಾಕ್ ಮಾಡಿಸಿ ಆಮೇಲೆ ವಿಚಾರಿಸುವ ಬದಲು, ಮೊದಲೇ ಅಬಕಾರಿ ಕಚೇರಿಗೆ ಹೋಗಿ ಈಗಿನ ಮಿತಿ ಎಷ್ಟು, ಅದಕ್ಕಿಂತ ಜಾಸ್ತಿ ಬೇಕಾದರೆ ಯಾವ ಪರವಾನಗಿ ಬೇಕು ಎಂದು ಕೇಳಿಕೊಳ್ಳಿ. ಮಿತಿಯನ್ನು ಲೀಟರಿನಲ್ಲಿ ಹೇಳುತ್ತಾರೆ. ಮಾಮೂಲಿ ಬಾಟಲಿ 750 ಮಿಲಿ. ಒಂದು ಡಜನ್ ಅಂದರೆ 9 ಲೀಟರ್. ಲೆಕ್ಕ ನೀವೇ ಹಾಕಬಹುದು. ಸೊಲ್ಲಾಪುರ ಹತ್ತಿರವಿದೆ ಎಂದು ಅಲ್ಲಿಂದ ಕಾರಿನಲ್ಲಿ ತುಂಬಿಕೊಂಡು ಬರುವವರೂ ಇದನ್ನು ಕೇಳಿಕೊಳ್ಳಬೇಕು. ರಾಜ್ಯದ ಗಡಿ ದಾಟಿಸುವುದಕ್ಕೆ ಬೇರೆ ನಿಯಮಗಳಿವೆ.

ಎರಡನೇ ಪ್ರಶ್ನೆ, ಇಡುವ ವೈನ್ ಎಂಥದ್ದು. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿ ವೈನ್, ರೋಸೆ, ಕಡಿಮೆ ಬೆಲೆಯ ಕೆಂಪು ವೈನ್, ಇವನ್ನೆಲ್ಲ ವರ್ಷಗಟ್ಟಲೆ ಇಟ್ಟು ಏನೂ ಪ್ರಯೋಜನವಿಲ್ಲ. ತಂದು ಒಂದೆರಡು ವರ್ಷದೊಳಗೆ ಕುಡಿಯುವುದಕ್ಕೆ ಮಾಡಿದ ವೈನ್ ಅವು. ಇಟ್ಟಷ್ಟೂ ತಾಜಾತನ ಹೋಗುತ್ತದೆ. ಕೆಲವು ಗಟ್ಟಿ ಕೆಂಪು ವೈನ್‌ಗಳು ಮಾತ್ರ ನಾಲ್ಕೈದು ವರ್ಷ ತಡೆಯುತ್ತವೆ, ಚೆನ್ನಾಗಿಯೂ ಆಗುತ್ತವೆ. ದೊಡ್ಡಬಳ್ಳಾಪುರದ ಗ್ರೋವರ್ ಝಂಪಾ, ಹಂಪಿ ಬೆಟ್ಟಗಳ ಕಡೆಯ ಕೃಷ್ಮಾ, ಸೊಲ್ಲಾಪುರ ಜಿಲ್ಲೆಯ ಅಕಲೂಜ್ ಹತ್ತಿರದ ಫ್ರಾಟೆಲಿ, ಇವರ ಮೇಲ್ದರ್ಜೆಯ ಕೆಂಪು ವೈನ್‌ಗಳನ್ನು ಜನ ಹೀಗೆ ಇಟ್ಟುಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಪಟ್ಟಿಯನ್ನು ಎರಡು ಮಾಡಿ. ವರ್ಷದೊಳಗೆ ಖರ್ಚಾಗುವುದು ಒಂದು, ಇಡುವುದು ಇನ್ನೊಂದು. ಹೆಚ್ಚಿನವರಿಗೆ ಎರಡನೇ ಪಟ್ಟಿ ಒಂದು ಡಜನ್ ದಾಟುವುದಿಲ್ಲ. ಹಾಗಿದ್ದರೆ ಗೋಡೆ ತುಂಬುವ ರ್ಯಾಕ್ ಬೇಕಿಲ್ಲ.

ಮುಚ್ಚಳವನ್ನೂ ನೋಡಿಕೊಳ್ಳಿ. ಬೂಚು ಇದ್ದರೆ ಬಾಟಲಿ ಮಲಗಬೇಕು. ವೈನ್ ತಾಗುತ್ತಿದ್ದರೆ ಬೂಚು ಒಣಗುವುದಿಲ್ಲ. ಒಣಗಿದರೆ ಕುಗ್ಗುತ್ತದೆ, ಗಾಳಿ ಒಳಗೆ ಹೋಗುತ್ತದೆ, ವೈನ್ ಹುಳಿಯಾಗುತ್ತದೆ. ತಿರುಗಿಸಿ ತೆಗೆಯುವ ಲೋಹದ ಮುಚ್ಚಳಕ್ಕೆ ಈ ಕಾಟವಿಲ್ಲ. ಅದನ್ನು ನಿಲ್ಲಿಸಿಟ್ಟರೂ ನಡೆಯುತ್ತದೆ, ಅಡುಗೆ ಮನೆಯ ಕಪಾಟಿನಂಥ ಸಾದಾ ಹಲಗೆ ಸಾಕು. ಭಾರತದ ವೈನ್‌ಗಳಲ್ಲಿ ಬಹಳಷ್ಟಕ್ಕೆ ಈಗ ಲೋಹದ ಮುಚ್ಚಳವೇ ಇರುತ್ತದೆ. ರ್ಯಾಕಿನ ಖರ್ಚು ಇಲ್ಲೇ ಅರ್ಧ ಇಳಿಯಬಹುದು.

ಹೆಜ್ಜೆ 2: ಜಾಗ

ವೈನಿಗೆ ಹಿತವಾದದ್ದು 12ರಿಂದ 14 ಡಿಗ್ರಿ. ತೇವ ನೂರಕ್ಕೆ 60ರಿಂದ 70. ಕತ್ತಲು ಬೇಕು, ಅದುರಾಟ ಬೇಡ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟುತ್ತದೆ. ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಒದ್ದೆ ಬಟ್ಟೆ ನೋಡುತ್ತಾ ನೋಡುತ್ತಾ ಒಣಗುತ್ತದೆ. ಎರಡಕ್ಕೂ ನಡುವೆ ಇರುವ ಅಂತರ ಇದು.

ಯಾವ ಕೋಣೆ ಎಂದು ಊಹೆ ಮಾಡಬೇಡಿ. ಕನಿಷ್ಠ ಗರಿಷ್ಠ ಎರಡನ್ನೂ ತೋರಿಸುವ, ತೇವವನ್ನೂ ಹೇಳುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು, ಮನಸ್ಸಿನಲ್ಲಿರುವ ಜಾಗದಲ್ಲಿ ಒಂದು ವಾರ ಇಡಿ. ಮೇ ತಿಂಗಳಲ್ಲೇ ಇಡಿ. ಡಿಸೆಂಬರಿನಲ್ಲಿ ವಿಜಯಪುರದ ಎಲ್ಲ ಕೋಣೆಗಳೂ ಒಳ್ಳೆಯವೇ! ಹಗಲು ರಾತ್ರಿಯ ನಡುವೆ ಎಷ್ಟು ಏರಿಳಿತ ಆಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಸದಾ 20ರ ಆಸುಪಾಸಿನಲ್ಲಿ ಇರುವ ಕೋಣೆಗಿಂತ, 18ರಿಂದ 30ಕ್ಕೆ ಹತ್ತಿ ಇಳಿಯುವ ಕೋಣೆ ವೈನಿಗೆ ಹೆಚ್ಚು ಕೆಟ್ಟದ್ದು. ಕಾವಿಗೆ ಬಾಟಲಿಯೊಳಗಿನ ವೈನ್ ಹಿಗ್ಗಿ ಬೂಚನ್ನು ದಬ್ಬುತ್ತದೆ, ತಂಪಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ.

ಹಳೆಯ ಮಾಳಿಗೆ ಮನೆ ಇದ್ದವರು ಅದೃಷ್ಟವಂತರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಕಿಟಕಿಯೇ ಇಲ್ಲ. ಹೊರಗಿನ ಕಾವು ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಗೋಲಗುಮ್ಮಟದೊಳಗೆ ಮೇ ತಿಂಗಳಲ್ಲೂ ಮೈಗೆ ತಂಪು ತಟ್ಟುವುದು ಇದೇ ಕಾರಣಕ್ಕೆ. ಆದರೂ ಮಾಳಿಗೆ ಮನೆಯ ನಡುಮನೆ 13 ಡಿಗ್ರಿಗೆ ಇಳಿಯುವುದಿಲ್ಲ. ವರ್ಷದೊಳಗೆ ಖರ್ಚಾಗುವ ಬಾಟಲಿಗಳಿಗೆ ಅದು ಸಾಕು, ಐದು ವರ್ಷ ಇಡುವುದಕ್ಕೆ ಸಾಲದು.

ಹಾಗಾದರೆ ನೆಲದ ಕೆಳಗೆ ಹೋಗೋಣ ಎಂದು ಕೆಲವರಿಗೆ ಅನಿಸುತ್ತದೆ. ಎರಡು ಎಚ್ಚರಿಕೆ. ಮೊದಲನೆಯದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರೊಳಗೆ ಕಟ್ಟಿದ ನೆಲಮಾಳಿಗೆಯ ಗೋಡೆಯ ಮೇಲೆ ಪ್ರತಿ ವರ್ಷ ಒತ್ತಡ ಬೀಳುತ್ತದೆ, ಬಿರುಕು ಬಿಟ್ಟ ಕಡೆ ನೀರು ಜಿನುಗುತ್ತದೆ. ಗರಸು ತುಂಬಿಸಿ, ಎಂಜಿನಿಯರ್ ಹೇಳಿದ ಹಾಗೆ ಕಟ್ಟಿಸದೆ ಇದ್ದರೆ ಆ ತಲೆನೋವೇ ಬೇಡ. ಎರಡನೆಯದು ಹಗೇವು. ಹಳೆಯ ಮನೆಗಳಲ್ಲಿ ಜೋಳ ತುಂಬುತ್ತಿದ್ದ ಹಗೇವು ಖಾಲಿ ಇದೆ, ತಂಪಾಗಿದೆ, ಅಲ್ಲೇ ಇಡೋಣ ಎನ್ನುವ ಮಾತು ಕೇಳಿದ್ದೇನೆ. ದಯವಿಟ್ಟು ಬೇಡ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಇಳಿದವರು ಮೇಲೆ ಬಂದಿಲ್ಲದ ಕಥೆ ನಮ್ಮ ಹಿರಿಯರಿಗೆ ಹೊಸದಲ್ಲ. ಬಾಟಲಿ ತೆಗೆಯಲು ಇಳಿಯುವ ಜಾಗವೇ ಅಲ್ಲ ಅದು.

ಉಳಿದ ದಾರಿ ಎರಡು. ಸಣ್ಣ ಕೋಣೆಗೆ ಗೋಡೆ, ಚಾವಣಿ, ಬಾಗಿಲು ಎಲ್ಲಕ್ಕೂ ಪಫ್ (ಕಾವು ತಡೆಯುವ ಫೋಮ್ ಹಲಗೆ) ಅಥವಾ ಥರ್ಮಾಕೋಲ್ ಹಾಸಿ, ವೈನ್ ಕೋಣೆಗೆಂದೇ ಮಾಡಿದ ಕೂಲಿಂಗ್ ಯಂತ್ರ ಕೂರಿಸುವುದು ಒಂದು. ಮನೆಯ ಮಾಮೂಲಿ ಎಸಿ 16 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ, ಗಾಳಿಯ ತೇವವನ್ನೂ ಎಳೆದುಬಿಡುತ್ತದೆ. ನೀರಿನ ಕೂಲರ್ ಇಡಬೇಡಿ. ಅದು ಕಾವನ್ನು ಬೇಕಾದಷ್ಟು ಇಳಿಸುವುದಿಲ್ಲ, ಲೇಬಲ್ಲಿಗೆ ಬೂಷ್ಟು ಹಿಡಿಸುತ್ತದೆ.

ಎರಡನೆಯದು ವೈನ್ ಚಿಲ್ಲರ್, ಅಂದರೆ ವೈನಿಗೆಂದೇ ಮಾಡಿದ ಫ್ರಿಜ್. ಒಂದೆರಡು ಡಜನ್ ಬಾಟಲಿಗೆ ನನ್ನ ಓಟು ಇದಕ್ಕೇ. ಆದರೆ ಕೊಳ್ಳುವಾಗ ಎಲ್ಲರೂ ಬಾಗಿಲಿನ ಗಾಜು ನೋಡುತ್ತಾರೆ, ಹಿಂದಿನ ಚೀಟಿ ನೋಡುವುದಿಲ್ಲ. ಅದರಲ್ಲಿ ಕ್ಲೈಮೇಟ್ ಕ್ಲಾಸ್ ಎಂದು ಬರೆದಿರುತ್ತದೆ. ಎನ್ ಎಂದಿದ್ದರೆ ಸುತ್ತಲಿನ ಕೋಣೆ 32 ಡಿಗ್ರಿವರೆಗೆ ಇದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಎಸ್‌ಟಿ ಎಂದಿದ್ದರೆ 38, ಟಿ ಎಂದಿದ್ದರೆ 43. ನಮ್ಮ ಊರಿಗೆ ಟಿ ಬೇಕು. ತಂಪು ದೇಶಕ್ಕೆ ಮಾಡಿದ ಎನ್ ಚಿಲ್ಲರ್ ಮೇನಲ್ಲಿ ಬಿಡುವಿಲ್ಲದೆ ಓಡುತ್ತದೆ, ಆದರೂ ಒಳಗೆ ತಂಪು ಬರುವುದಿಲ್ಲ. ಚಿಲ್ಲರಿನ ಒಳಗಿನ ತಟ್ಟೆಗಳೂ ರ್ಯಾಕೇ. ನಲವತ್ತು ಬಾಟಲಿ ಎಂದು ಡಬ್ಬಿಯ ಮೇಲಿದ್ದರೆ ಅದು ತೆಳ್ಳಗಿನ ಬಾಟಲಿಯ ಲೆಕ್ಕ. ದಪ್ಪ ಬಾಟಲಿ ಸೇರಿದರೆ ಅಷ್ಟು ಹಿಡಿಯುವುದಿಲ್ಲ.

ಜಾಗ ಯಾವುದೇ ಇರಲಿ, ಬೋರಿನ ಪಂಪು, ವಾಷಿಂಗ್ ಮಷಿನ್, ಹಿಟ್ಟಿನ ಗಿರಣಿ ಇರುವ ಗೋಡೆಗೆ ರ್ಯಾಕ್ ತಾಗಬಾರದು. ಇನ್ವರ್ಟರ್ ಬಿಸಿ ಬಿಡುತ್ತದೆ, ಅದನ್ನೂ ದೂರ ಇಡಿ. ಮಕ್ಕಳಿರುವ ಮನೆಯಾದರೆ ಬೀಗ.

ಹೆಜ್ಜೆ 3: ಅಳತೆ

ಸಾಮಾನ್ಯ ಕೆಂಪು ವೈನಿನ ನೆಟ್ಟನೆ ಭುಜದ ಬಾಟಲಿ ಸುಮಾರು ಏಳೂವರೆ ಸೆಂಟಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದ. ಇಳಿಜಾರು ಭುಜದ ಬಾಟಲಿ ಇನ್ನೂ ದಪ್ಪ. ನೊರೆ ವೈನಿನದು ಹತ್ತಿರ ಹತ್ತಿರ 9 ಸೆಂಟಿಮೀಟರ್. ತುಂಬಿದ ಬಾಟಲಿಯ ತೂಕ ಒಂದೂಕಾಲರಿಂದ ಒಂದೂವರೆ ಕಿಲೊ. ನೊರೆ ವೈನಿನ ಗಾಜು ದಪ್ಪ, ಹಾಗಾಗಿ ಇನ್ನೂ ಭಾರ. ಲೆಕ್ಕಕ್ಕೆ ಒಂದಕ್ಕೆ ಒಂದೂವರೆ ಕಿಲೊ ಹಿಡಿಯಿರಿ. ನಾಲ್ಕು ಡಜನ್ ಅಂದರೆ 72 ಕಿಲೊ, ಮೇಲೆ ರ್ಯಾಕಿನ ಸ್ವಂತ ಭಾರ.

ಒಂದೊಂದು ಬಾಟಲಿಗೆ ಒಂದೊಂದು ಗೂಡು ಮಾಡಿಸುವುದಾದರೆ ಒಳಗಿನ ಜಾಗ ನಾಲ್ಕೂ ಕಡೆ ಒಂಬತ್ತೂವರೆಯಿಂದ 10 ಸೆಂಟಿಮೀಟರ್ ಇರಲಿ. ಆಳ 25 ಸೆಂಟಿಮೀಟರ್ ಇದ್ದರೆ ಕುತ್ತಿಗೆ ಮುಂದೆ ಚಾಚುತ್ತದೆ, ಹಿಡಿದು ಎಳೆಯಲು ಸುಲಭ. ಬಾಗಿಲು ಹಾಕಿಸುವುದಾದರೆ ಮಾತ್ರ 35 ಬೇಕು. ರ್ಯಾಕಿನ ಮುಂದೆ ಮೂರು ಅಡಿ ಖಾಲಿ ಬಿಡಿ, ಬಗ್ಗಿ ಕೆಳಗಿನ ಸಾಲು ತೆಗೆಯಬೇಕಲ್ಲ. ಹಿಂದೆ ಗೋಡೆಯಿಂದ ನಾಲ್ಕು ಬೆರಳು. ಕೂಲಿಂಗ್ ಯಂತ್ರ ಇದ್ದರೆ ಅದರ ಗಾಳಿ ಬರುವ ಹೋಗುವ ದಾರಿಗೆ ಯಾವ ಖಾನೆಯೂ ಅಡ್ಡ ಬರಬಾರದು.

ಹೆಜ್ಜೆ 4: ನಮೂನೆ

ಅಂಗಡಿಯಲ್ಲಿ ನೋಡಿದಾಗ ಒಂದೊಂದು ಬಾಟಲಿಗೆ ಒಂದೊಂದು ಗೂಡಿರುವ ರ್ಯಾಕೇ ಎಲ್ಲರಿಗೂ ಹಿಡಿಸುತ್ತದೆ. ಯಾವ ಬಾಟಲಿ ಬೇಕೋ ಅದನ್ನೇ ತೆಗೆಯಬಹುದು, ಬೇರೆಯದನ್ನು ಮುಟ್ಟಬೇಕಿಲ್ಲ. ಬೇರೆ ಬೇರೆ ಥರದ್ದು ಒಂದೊಂದೇ ಬಾಟಲಿ ಇಡುವವರಿಗೆ ಇದು ಸರಿ. ಆದರೆ ಬಾಟಲಿಗೆ ಬೀಳುವ ಖರ್ಚು ಇದರಲ್ಲೇ ಜಾಸ್ತಿ, ಜಾಗವೂ ಜಾಸ್ತಿ. ದಪ್ಪ ಬಾಟಲಿ ಬಂದರೆ ಪೇಚಾಟ.

ಖಾನೆಯ ರ್ಯಾಕ್ ಎಂದರೆ ದೊಡ್ಡ ಚೌಕ, ಅದರೊಳಗೆ ಬಾಟಲಿ ಮೇಲೆ ಬಾಟಲಿ ಪೇರಿಸುವುದು. ಚೌಕದ ಮಧ್ಯೆ ಅಡ್ಡಡ್ಡ ಎರಡು ಹಲಗೆ ಕೂಡಿಸಿ ಗುಣಾಕಾರದ ಗುರುತಿನ ಹಾಗೆ ಮಾಡುವುದೂ ಉಂಟು. ಎರಡಡಿ ಚೌಕದಲ್ಲಿ ಹಾಗೆ ಮಾಡಿದರೆ ನಲವತ್ತರ ಹತ್ತಿರ ಬಾಟಲಿ ಹಿಡಿಯುತ್ತದೆ. ಒಂದೇ ವೈನನ್ನು ಡಜನ್ ಲೆಕ್ಕದಲ್ಲಿ ತರುವವರಿಗೆ ಇದು ಅಗ್ಗ, ಗಟ್ಟಿ. ತೊಂದರೆ ಒಂದೇ. ಅಡಿಯಲ್ಲಿರುವ ಬಾಟಲಿ ಬೇಕೆಂದರೆ ಮೇಲಿನದನ್ನೆಲ್ಲ ತೆಗೆಯಬೇಕು. ಅದಕ್ಕೇ ಒಂದು ಖಾನೆಗೆ ಒಂದೇ ವೈನ್ ಎಂದು ಮೊದಲೇ ನಿಯಮ ಮಾಡಿಕೊಳ್ಳಿ.

ಗೋಡೆಗೆ ಹೊಡೆದ ಗೂಟದ ಮೇಲೆ ಲೇಬಲ್ ಕಾಣುವ ಹಾಗೆ ಬಾಟಲಿ ಮಲಗಿಸುವ ಹೊಸ ನಮೂನೆ ಇದೆಯಲ್ಲ, ಅದು ಪಡಸಾಲೆಯ ಶೋಕಿಗೆ. ಹಳೆಯ ಮಣ್ಣಿನ ಗೋಡೆಗೆ ಗೂಟ ನಿಲ್ಲುವುದೂ ಇಲ್ಲ.

ನನ್ನ ಶಿಫಾರಸು: ಮೂರು ಪಾಲು ಖಾನೆ, ಒಂದು ಪಾಲು ಒಂಟಿ ಗೂಡು. ನಿಲ್ಲಿಸುವ ಬಾಟಲಿಗಳಿಗೆ ಮೇಲೆ ಒಂದು ಸಾದಾ ಹಲಗೆ.

ಹೆಜ್ಜೆ 5: ಕಲ್ಲೋ, ಕಬ್ಬಿಣವೋ, ಮರವೋ

ಹೊರಗಿನವರು ಬರೆದ ಪುಸ್ತಕ, ವಿಡಿಯೊಗಳಲ್ಲಿ ಮರದ ಮಾತೇ ಇರುತ್ತದೆ. ನಮಗೆ ಕೈಯಳತೆಯಲ್ಲಿ ಕಲ್ಲಿದೆ. ಅಡುಗೆ ಮನೆಯ ಕಟ್ಟೆಗೆ, ಗೋಡೆಯ ಕಪಾಟಿಗೆ ಹಾಕುವ ಕಡಪಾ, ನೆಲಕ್ಕೆ ಹಾಸುವ ಶಹಾಬಾದ್ ಫರಸಿ. ಎರಡೂ ಸುಣ್ಣದ ಕಲ್ಲಿನ ಜಾತಿ. ಗೆದ್ದಲು ತಿನ್ನುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ವಾಸನೆ ಬಿಡುವುದಿಲ್ಲ. ಭಾರವಾದ್ದರಿಂದ ಅಲುಗುವುದಿಲ್ಲ. ಒಮ್ಮೆ ತಂಪಾದರೆ ಬೇಗ ಬಿಸಿಯೂ ಆಗುವುದಿಲ್ಲ, ಆಗಾಗ ಕರೆಂಟ್ ಹೋಗುವ ಕಡೆ ಇದು ಸಣ್ಣ ಲಾಭವಲ್ಲ.

ಕಡಪಾದಲ್ಲಿ ಖಾನೆ ಕಟ್ಟಿಸುವುದು ಹೀಗೆ. ಒಂದು ಇಂಚು ದಪ್ಪದ ಕಲ್ಲು, 14 ಇಂಚು ಆಳ. ನಿಲ್ಲುವ ಕಲ್ಲುಗಳ ನಡುವೆ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್. ಎತ್ತರ ಒಂದಡಿ. ಇಷ್ಟು ಖಾನೆಯಲ್ಲಿ ಕೆಳಸಾಲಿಗೆ ಐದು ಬಾಟಲಿ, ಅವುಗಳ ಸಂದಿನ ಮೇಲೆ ನಾಲ್ಕು, ಮತ್ತೆ ಐದು. ದಪ್ಪ ಬಾಟಲಿಯಾದರೂ ಒಂದು ಡಜನ್ ಆರಾಮಾಗಿ ಕೂರುತ್ತದೆ. ಅಡ್ಡ ಕಲ್ಲಿಗೆ ಆಸರೆಯಿಲ್ಲದೆ ಎರಡಡಿಗಿಂತ ಜಾಸ್ತಿ ಅಗಲ ಕೊಡಬೇಡಿ. ಕಲ್ಲು ಬಾಗುವುದಿಲ್ಲ, ಹೇಳದೆ ಕೇಳದೆ ಮುರಿಯುತ್ತದೆ.

ಗೌಂಡಿಗೆ ಮೂರು ಮಾತು ಹೇಳಲೇಬೇಕು. ಒಂದು, ಮುಂದಿನ ಅಂಚನ್ನು ಹಾಫ್ ರೌಂಡ್ ಮಾಡಿಸಿ ಪಾಲಿಶ್ ಹಿಡಿಯಬೇಕು. ಕೊರೆದ ಹಸಿ ಅಂಚು ಲೇಬಲ್ ಹರಿಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಎರಡು, ಅಡ್ಡ ಕಲ್ಲು ರಸಮಟ್ಟಕ್ಕೆ ಸರಿಯಾಗಿ ಇರಬೇಕು. ಬಾಟಲಿ ಮುಂದೆ ಜಾರದಿರಲಿ ಎಂದು ಕಲ್ಲನ್ನು ಹಿಂದಕ್ಕೆ ಇಳಿಜಾರು ಮಾಡಿಬಿಡುವ ಗೌಂಡಿಗಳಿದ್ದಾರೆ. ಹಾಗೆ ಮಾಡಿದರೆ ಕುತ್ತಿಗೆ ಮೇಲಾಗುತ್ತದೆ, ಒಳಗಿನ ಗಾಳಿಗುಳ್ಳೆ ಬೂಚಿನ ಹತ್ತಿರ ಹೋಗಿ ನಿಲ್ಲುತ್ತದೆ, ಬೂಚು ಒಣಗುತ್ತದೆ. ಮಲಗಿಸಿದ್ದೇ ದಂಡ. ಮೂರು, ಕೆಳಸಾಲು ಪೂರ್ತಿ ತುಂಬದಿದ್ದರೆ ಮೇಲಿನ ಭಾರಕ್ಕೆ ಬಾಟಲಿಗಳು ಪಕ್ಕಕ್ಕೆ ಸರಿಯುತ್ತವೆ. ಅದಕ್ಕೆ ಎರಡು ಬದಿಗೂ ಇಡಲು ಮರದ ಬೆಣೆ ಬೇಕು. ಅದನ್ನು ಬಡಿಗೇರರ ಹತ್ತಿರ ಮಾಡಿಸಿಕೊಳ್ಳಿ. ಗಾಜು ಕಲ್ಲಿಗೆ ನೇರ ತಾಗದಂತೆ ತೆಳುವಾದ ರಬ್ಬರ್ ಹಾಸು ಹಾಕಿ. ಹೊಸದಾಗಿ ತಂದಾಗ ರಬ್ಬರ್ ನಾತ ಹೊಡೆಯುತ್ತಿದ್ದರೆ ಬಿಸಿಲಿಗೆ ಹಾಕಿ, ನಾತ ಹೋದ ಮೇಲೆ ಹಾಸಿ.

ಕಲ್ಲಿಗೂ ಒಂದು ದೋಷವಿದೆ. ಕಡಪಾ ಕಟ್ಟೆಯ ಮೇಲೆ ಲಿಂಬೆ ರಸ ಬಿದ್ದು ಒರೆಸದೆ ಬಿಟ್ಟರೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ವೈನೂ ಹುಳಿಯೇ. ಸುಣ್ಣದ ಕಲ್ಲನ್ನು ತಿನ್ನುತ್ತದೆ. ಸೋರಿದ ತಕ್ಷಣ ಒರೆಸಿದರೆ ಸಾಕು. ಒಂದು ರೀತಿಯಲ್ಲಿ ಇದು ಉಪಕಾರವೂ ಹೌದು. ಯಾವ ಬಾಟಲಿಯ ಬೂಚು ಸೋರುತ್ತಿದೆ ಎಂಬುದನ್ನು ಕಲ್ಲಿನ ಮೇಲಿನ ಕಲೆಯೇ ತೋರಿಸಿಕೊಡುತ್ತದೆ.

ಬಾಡಿಗೆ ಮನೆಯವರಿಗೆ ಕಲ್ಲು ಆಗುವುದಿಲ್ಲ. ಅವರಿಗೆ ಕಬ್ಬಿಣ. ಒಂದಿಂಚಿನ ಚೌಕ ಪೈಪು, 16 ಗೇಜು, ಗೂಡಿಗೆ 10 ಮಿಲಿಮೀಟರ್ ಸರಳು. ನಾಲ್ಕು ಡಜನ್ ಬಾಟಲಿಗೆ ಇದು ಧಾರಾಳ. ಪೌಡರ್ ಕೋಟಿಂಗ್ ಮಾಡಿಸಿದರೆ ಒಳ್ಳೆಯದು. ರೆಡ್ ಆಕ್ಸೈಡ್ ಹೊಡೆದು ಮೇಲೆ ಎಣ್ಣೆ ಬಣ್ಣ ಬಳಿಸಿದರೆ ಕೆಲವು ವಾರ ಹೊರಗೆ ಗಾಳಿಗೆ ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಒಳಗೆ ತನ್ನಿ. ವೆಲ್ಡಿಂಗ್ ಆದ ಜಾಗಗಳ ಮೇಲೆ ಬೆರಳಾಡಿಸಿ ನೋಡಿ. ಚುಚ್ಚುವ ಹನಿ ಉಳಿದಿದ್ದರೆ ಗ್ರೈಂಡರ್ ಹಿಡಿಸಿ.

ಮರವೇ ಬೇಕು ಎನ್ನುವವರಿಗೆ ಸಾಗವಾನಿ. ಅದಕ್ಕೆ ಔಷಧಿ ಹೊಡೆಯುವ ಅಗತ್ಯ ಕಡಿಮೆ. ಕೆಡವಿದ ಹಳೆಯ ಮನೆಗಳ ತೊಲೆ, ಜಂತಿ, ಚೌಕಟ್ಟು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ದಶಕಗಟ್ಟಲೆ ಒಣಗಿದ ಮರ, ಇನ್ನು ಸೊಟ್ಟ ಆಗುವುದಿಲ್ಲ. ಒಳಗೆ ಮುರಿದ ಮೊಳೆ ಇದೆಯಾ, ಗೆದ್ದಲು ಕೊರೆದ ಪೊಳ್ಳು ಇದೆಯಾ, ಬಡಿದು ನೋಡಿ ತನ್ನಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ತೇವ ಕುಡಿದು ಉಬ್ಬುತ್ತದೆ. ಪ್ಲೈವುಡ್ಡಾದರೆ ನೀರು ತಡೆಯುವ, ಐಎಸ್ 710 ಗುರುತಿನದು.

ಮರದಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ. ವೈನಿಗೆ ಒದ್ದೆ ರಟ್ಟಿನ, ಮುಗ್ಗಲು ಹಿಡಿದ ವಾಸನೆ ಬರಿಸುವ ಟಿಸಿಎ ಎಂಬ ವಸ್ತು ಇದೆ. ಹೆಚ್ಚಾಗಿ ಅದು ಬೂಚಿನಿಂದಲೇ ಬರುತ್ತದೆ. ಆದರೆ ಕ್ಲೋರಿನ್ ಇರುವ ಕೆಲವು ಮರದ ಔಷಧಿಗಳ ಮೇಲೆ ಬೂಷ್ಟು ಬೆಳೆದಾಗಲೂ ಅದು, ಅದರ ಅಣ್ಣತಮ್ಮಂದಿರು ಹುಟ್ಟುತ್ತವೆ. ಮರ, ಬ್ಲೀಚು, ಬೂಷ್ಟು ಮೂರೂ ಸೇರಿದ ನೆಲಮಾಳಿಗೆಗಳಲ್ಲಿ ಇಡೀ ಸಂಗ್ರಹಕ್ಕೇ ವಾಸನೆ ಹತ್ತಿದ್ದುಂಟು. ಆದ್ದರಿಂದ ಗೆದ್ದಲಿನ ಔಷಧಿಯಲ್ಲಿ ಅದ್ದಿದ ಅಗ್ಗದ ಮರ ಬೇಡ. ವೈನ್ ಕೋಣೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದೂ ಬೇಡ. ಬಿಸಿ ನೀರು, ಅಡುಗೆ ಸೋಡಾ ಸಾಕು.

ಹೆಜ್ಜೆ 6: ಮಾಡಿಸುವುದು

ವೆಲ್ಡಿಂಗ್ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಒಣದ್ರಾಕ್ಷಿ ರ್ಯಾಕ್ ಏನ್ರಿ ಸರ?" ಅಲ್ಲ, ಬಾಟಲಿಗೆ ಎಂದರೆ ಎರಡನೇ ಪ್ರಶ್ನೆ, "ಎಷ್ಟ್ ತೂಕ ಬೀಳ್ತೈತ್ರಿ?" ಎರಡನೆಯದು ಒಳ್ಳೆಯ ಪ್ರಶ್ನೆ. ಅದನ್ನು ಕೇಳುವ ಅಂಗಡಿಗೇ ಕೆಲಸ ಕೊಡಿ.

ಕೈಯಲ್ಲಿ ಚಿತ್ರ ಇರಲಿ, ಜೊತೆಗೆ ನಿಮ್ಮಲ್ಲಿರುವ ಅತಿ ದಪ್ಪನೆಯ ಖಾಲಿ ಬಾಟಲಿ. ಚಿತ್ರದಲ್ಲಿ ಅಳತೆ ಬರೆಯುವಾಗ ಒಳ ಅಳತೆಯೋ ಹೊರ ಅಳತೆಯೋ ಎಂದು ಪ್ರತಿ ಕಡೆ ಬರೆಯಿರಿ. ಕೆಲಸ ಕೆಡುವುದು ಇಲ್ಲೇ. ಗೂಡು ನಾಲ್ಕಿಂಚು ಎಂದು ಬಾಯಲ್ಲಿ ಹೇಳುತ್ತೀರಿ. ಅವರು ಪೈಪಿನ ನಡುವಿನಿಂದ ಪೈಪಿನ ನಡುವಿಗೆ ನಾಲ್ಕಿಂಚು ಹಿಡಿಯುತ್ತಾರೆ. ಗೂಡಿಗೂ ಸರಳಿನ ಬದಲು ಒಂದಿಂಚಿನ ಪೈಪನ್ನೇ ಹಾಕಿದ್ದರೆ ಒಳಗೆ ಉಳಿಯುವುದು ಮೂರೇ ಇಂಚು, ಅಂದರೆ 7.6 ಸೆಂಟಿಮೀಟರ್. ತೆಳ್ಳನೆಯ ಬಾಟಲಿ ಕೂದಲೆಳೆಯಲ್ಲಿ ತೂರುತ್ತದೆ, ಲೇಬಲ್ ಉಜ್ಜುತ್ತದೆ. ನೊರೆ ವೈನ್ ಒಳಗೇ ಹೋಗುವುದಿಲ್ಲ. ಇಡೀ ರ್ಯಾಕ್ ಕತ್ತರಿಸಿ ಮತ್ತೆ ಬೆಸೆಯಬೇಕು.

ಹಾಗಾಗಿ ಮೊದಲು ಎರಡೇ ಗೂಡು ಮಾಡಿಸಿ. ಬಾಟಲಿ ತೂರಿಸಿ, ಎಳೆದು, ತಿರುಗಿಸಿ ನೋಡಿ. ಸರಿ ಎನಿಸಿದ ಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ದರ ಮಾತಾಡುವಾಗ ಕಬ್ಬಿಣದ ಕೆಲಸಕ್ಕೆ ಕಿಲೊ ಲೆಕ್ಕ, ಕಲ್ಲಿಗೆ ಚದರಡಿ ಲೆಕ್ಕ, ಮರಕ್ಕೆ ಘನಡಿ ಮತ್ತು ಕೂಲಿ ಬೇರೆ. ಮೂರನ್ನೂ ಹಾಗೆ ಹಾಗೇ ಹೋಲಿಸಲು ಆಗುವುದಿಲ್ಲ. ಒಟ್ಟು ಮೊತ್ತವನ್ನು ಹಿಡಿಯುವ ಬಾಟಲಿಯ ಸಂಖ್ಯೆಯಿಂದ ಭಾಗಿಸಿ, ಬಾಟಲಿಗೆ ಎಷ್ಟು ಬಿತ್ತು ನೋಡಿ. ಒಂದು ಬಾಟಲಿಯ ಜಾಗಕ್ಕೆ ಒಂದು ಬಾಟಲಿ ವೈನಿನಷ್ಟೇ ಖರ್ಚು ಬೀಳುತ್ತಿದ್ದರೆ ಆ ರ್ಯಾಕ್ ನನ್ನ ಪ್ರಕಾರ ದುಬಾರಿ.

ಹೆಜ್ಜೆ 7: ಕೂರಿಸುವುದು

ಕೆಳಗಿನ ಸಾಲು ನೆಲದಿಂದ ಅರ್ಧ ಅಡಿ ಮೇಲಿರಲಿ. ಕಸ ಗುಡಿಸಬಹುದು, ಚೇಳು ಅಡಗಿದ್ದರೆ ಬ್ಯಾಟರಿ ಹಿಡಿದು ನೋಡಬಹುದು. ಕಬ್ಬಿಣದ ಕಾಲಿಗೆ ಬುಷ್ ಹಾಕಿಸಿ, ಎತ್ತರ ಹೆಚ್ಚು ಕಡಿಮೆ ಮಾಡುವ ಬೋಲ್ಟ್ ಇದ್ದರೆ ಇನ್ನೂ ಒಳ್ಳೆಯದು. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯ ನೆಲ ಕೂರುತ್ತದೆ, ಏಳುತ್ತದೆ. ಮಳೆಗಾಲ ಮುಗಿದಾಗೊಮ್ಮೆ, ಮೇನಲ್ಲೊಮ್ಮೆ ರಸಮಟ್ಟ ಇಟ್ಟು ನೋಡಿ ಬೋಲ್ಟ್ ತಿರುಗಿಸಿಕೊಳ್ಳಬೇಕು.

ಎದೆಮಟ್ಟಕ್ಕಿಂತ ಎತ್ತರದ ರ್ಯಾಕನ್ನು ಗೋಡೆಗೆ ಕಟ್ಟಲೇಬೇಕು. ಸಿಮೆಂಟ್ ಗೋಡೆಗೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಮಣ್ಣಿನ ಗಾರೆಯ ಹಳೆಯ ಗೋಡೆಯಲ್ಲಿ ಅದು ಪುಡಿಪುಡಿಯಾಗಿ ಕಿತ್ತು ಬರುತ್ತದೆ. ಅಲ್ಲಿ ರ್ಯಾಕನ್ನು ಗಿಡ್ಡವಾಗಿ, ಕಾಲು ಅಗಲವಾಗಿ ಮಾಡಿಸಿ. ಇಲ್ಲವೇ ಮೇಲಿನ ತೊಲೆಗೆ ಪಟ್ಟಿ ಹಾಕಿ ಬಿಗಿಯಿರಿ. ಮಹಡಿಯ ಮೇಲೆ ಇಡುವುದಾದರೆ ಕಾಂಕ್ರೀಟ್ ಸ್ಲ್ಯಾಬಿನ ನಡುವೆ ಬೇಡ, ಬೀಮಿನ ಮೇಲೆ, ಗೋಡೆಯ ಪಕ್ಕ. ಮಣ್ಣಿನ ಮಾಳಿಗೆಯ ಮೇಲಂತೂ ಇಡಲೇಬೇಡಿ.

ವೈನ್ ತುಂಬುವ ಮೊದಲು ನೀರು ತುಂಬಿ. ಖಾಲಿ ವೈನ್ ಬಾಟಲಿಗಳನ್ನು ಪರಿಚಯದವರಿಂದ, ಹೋಟೆಲಿನವರಿಂದ ಕೇಳಿ ತಂದು ನೀರು ತುಂಬಿಸಿ ಮುಚ್ಚಿ, ರ್ಯಾಕ್ ಪೂರ್ತಿ ತುಂಬಿಸಿ ಒಂದು ವಾರ ಬಿಡಿ. ನೀರಿಗೂ ವೈನಿಗೂ ತೂಕ ಹೆಚ್ಚು ಕಡಿಮೆ ಒಂದೇ. ಬೆಸುಗೆ ಬಿಡುವುದಿದ್ದರೆ, ಕಲ್ಲು ಮುರಿಯುವುದಿದ್ದರೆ, ಕಾಲು ಕುಸಿಯುವುದಿದ್ದರೆ ಆಗಲೇ ಆಗಿಹೋಗಲಿ. ಪಕ್ಕದಿಂದ ಕೈಯಲ್ಲಿ ಮೆಲ್ಲಗೆ ದೂಡಿ ನೋಡಿ. ತೂಗಾಡಿದರೆ ಹಿಂಬದಿಗೆ ಅಡ್ಡಪಟ್ಟಿ ಒಂದನ್ನು ಓರೆಯಾಗಿ ಬೆಸೆಯಿಸಿ.

ತುಂಬುವಾಗ ಕೆಳಗಿನ ಸಾಲಿನಿಂದ ಶುರು ಮಾಡಿ. ಭಾರ ಕೆಳಗಿದ್ದರೆ ರ್ಯಾಕ್ ಗಟ್ಟಿ ನಿಲ್ಲುತ್ತದೆ. ತಂಪು ಗಾಳಿಯೂ ಕೆಳಗೇ ಇರುತ್ತದೆ. ಹಾಗಾಗಿ ವರ್ಷಗಟ್ಟಲೆ ಇಡುವ ಕೆಂಪು ವೈನ್ ಕೆಳಗೆ, ಬೇಗ ಖರ್ಚಾಗುವುದು ಮೇಲೆ. ಲೇಬಲ್ ಮೇಲ್ಮುಖವಾಗಿರಲಿ. ಹಾಗೆ ಮಾಡಿದರೆ ಗಸಿ ಯಾವ ಬದಿಗೆ ಕೂತಿದೆ ಎಂಬುದು ತೆಗೆಯುವಾಗ ಗೊತ್ತಿರುತ್ತದೆ. ಬಾಟಲಿಯ ಕುತ್ತಿಗೆಗೆ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ ವೈನಿನ ಹೆಸರು, ವರ್ಷ, ತಂದ ತಿಂಗಳು, ಯಾವಾಗ ತೆರೆಯಬೇಕು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಟಿ ಇದ್ದರೆ ಹುಡುಕುವುದಕ್ಕೆಂದು ಬಾಟಲಿ ಎಳೆದೆಳೆದು ನೋಡುವುದು ತಪ್ಪುತ್ತದೆ. ದೀಪ ಸಣ್ಣ ಎಲ್‌ಇಡಿ ಒಂದು ಸಾಕು, ಹೊರಗೆ ಬರುವಾಗ ಆರಿಸಿ ಬನ್ನಿ.